ಪೂಲ್ ವರ್ಲ್ಡ್ ಫೈನಲ್ 15-14ಕ್ಕೆ ಮುಗಿದರೆ ಅದು ಬರೀ ಅದೃಷ್ಟವಾ?

ಮೂಲೆಪಾಕೆಟ್:
ಜೆಡ್ಡಾದಲ್ಲಿ ನಡೆದ 2024ರ ವರ್ಲ್ಡ್ ಪೂಲ್ ಚಾಂಪಿಯನ್‌ಶಿಪ್ ಫೈನಲ್ ಮೊನ್ನೆ ಪೂರ್ತಿ ನೋಡಿದೆ. ಫೆಡರ್ ಗೋರ್ಸ್ಟ್ ಮತ್ತು ಅಲ್ಬೇನಿಯಾದ ಎಕ್ಲೆಂಟ್ ಕಾಚಿ. ಮೊದಲು 15 ರ‍್ಯಾಕ್ (ಅಂದ್ರೆ ಬಾಲ್ ಜೋಡಿಸಿ ಆಡುವ ಒಂದೊಂದು ಸುತ್ತು) ಗೆದ್ದವರಿಗೆ ಕಪ್, ಜೊತೆಗೆ ಎರಡೂವರೆ ಲಕ್ಷ ಡಾಲರ್. 14-14 ಆಗಿ ಕೊನೆಯ ಒಂದೇ ರ‍್ಯಾಕ್‌ನಲ್ಲಿ ಗೋರ್ಸ್ಟ್ ಗೆದ್ದರು. ಪಕ್ಕದಲ್ಲಿ ಕೂತಿದ್ದ ನಮ್ಮಣ್ಣ, "ಇದು ಲಾಟರಿ ಕಣೋ, ಬ್ರೇಕ್‌ನಲ್ಲಿ, ಅಂದ್ರೆ ಬಾಲ್‌ಗಳನ್ನು ಚದುರಿಸೋ ಮೊದಲ ಹೊಡೆತದಲ್ಲಿ, ಬಾಲ್ ಬಿದ್ದರೆ ಗೆದ್ದ, ಬೀಳದಿದ್ದರೆ ಕುರ್ಚಿಯಲ್ಲಿ ಕೂತ" ಅಂದ. ನನಗೆ ಹಾಗನ್ನಿಸಲಿಲ್ಲ, ಆದರೆ ತಿರುಗಿ ಹೇಳೋಕೂ ಗೊತ್ತಾಗಲಿಲ್ಲ. ನಾನು ನಮ್ಮೂರ ಪಾರ್ಲರ್‌ನಲ್ಲಿ ಏಯ್ಟ್ ಬಾಲ್ ಮಾತ್ರ ಆಡಿದವನು. ಇನ್ನೊಂದು ವಿಷಯ, ಬಾಲ್ ಹಾಕೋದು ಬಿಟ್ಟು ಬಿಳಿ ಬಾಲನ್ನು ಬೇರೆ ಬಾಲ್ ಹಿಂದೆ ಬಚ್ಚಿಡುತ್ತಾರಲ್ಲ, ಅದು ಯಾಕೆ?

ಚಾಕ್‌ಪುಡಿ:
ಎರಡನೇ ಪ್ರಶ್ನೆ ಮೊದಲು, ಯಾಕಂದ್ರೆ ಆಟದ ಜೀವ ಇರೋದೇ ಅಲ್ಲಿ. ಆ ಫೈನಲ್‌ನಲ್ಲಿ ಆಡಿದ್ದು ನೈನ್ ಬಾಲ್, 1ರಿಂದ 9ರವರೆಗಿನ ಬಾಲ್‌ಗಳ ಆಟ, ಸರಿಯಾಗಿ 9ನ್ನು ಹಾಕಿದವರಿಗೆ ರ‍್ಯಾಕ್. ಅದರಲ್ಲಿ ಮೇಜಿನ ಮೇಲೆ ಉಳಿದಿರುವ ಅತಿ ಚಿಕ್ಕ ನಂಬರಿನ ಬಾಲಿಗೇ ಬಿಳಿ ಬಾಲ್ ಮೊದಲು ತಾಗಬೇಕು. ತಾಗದಿದ್ದರೆ ಫೌಲ್. ಆಗ ಎದುರಾಳಿ ಬಿಳಿ ಬಾಲನ್ನು ಕೈಯಲ್ಲಿ ಎತ್ತಿ ಮೇಜಿನ ಮೇಲೆ ಎಲ್ಲಿ ಬೇಕಾದರೂ ಇಟ್ಟು ಆಡಬಹುದು. ಈ ಮಟ್ಟದ ಆಟಗಾರನಿಗೆ ಅದು ಸಿಕ್ಕಿದರೆ ಸಾಮಾನ್ಯವಾಗಿ ಆ ರ‍್ಯಾಕ್ ಹೋಯ್ತು ಅಂತಲೇ ಲೆಕ್ಕ. ಹಾಗಾಗಿ 2ನ್ನು ಹಾಕಬಹುದು, ಆದರೆ ಆಮೇಲೆ 3 ಸಿಗಲ್ಲ ಅಂತ ಗೊತ್ತಿದ್ದರೆ, ಸುಮ್ನೆ ಹಾಕಿ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಬಿಳಿಯನ್ನು ಬಚ್ಚಿಟ್ಟು ಎದುರಾಳಿಯನ್ನು ಕಷ್ಟಕ್ಕೆ ತಳ್ಳುವುದೇ ಒಳ್ಳೆಯದು. ಅದನ್ನೇ ಸೇಫ್ಟಿ ಅನ್ನುತ್ತಾರೆ. ಬೇಕಾದರೆ ಬರೀ ಬಿಳಿ ಬಾಲ್ ಎಲ್ಲಿ ನಿಲ್ಲುತ್ತೆ ಅಂತ ನೋಡ್ತಾ ಆ ಫೈನಲನ್ನು ಇನ್ನೊಂದು ಸಲ ನೋಡಿ, ಬೇರೆಯೇ ಆಟ ಕಾಣುತ್ತೆ.

ರ‍್ಯಾಕ್‌ಲೆಕ್ಕ:
ನಿಮ್ಮಣ್ಣ ಹೇಳಿದ್ದರಲ್ಲಿ ಒಂದಿಷ್ಟು ನಿಜ ಇದೆ, ಇಲ್ಲ ಅನ್ನಲ್ಲ. ಬ್ರೇಕ್ ಹೊಡೆದ ಮೇಲೆ ಬಾಲ್‌ಗಳು ಎಲ್ಲಿ ನಿಲ್ಲುತ್ತವೆ ಅನ್ನೋದು ಪೂರ್ತಿ ಯಾರ ಕೈಯಲ್ಲೂ ಇಲ್ಲ. ಅದಕ್ಕೇ ನಿಯಮಗಳಲ್ಲೇ ಒಂದಷ್ಟು ಬಿಗಿ ಮಾಡಿದ್ದಾರೆ. ಈಗಿನ ದೊಡ್ಡ ಟೂರ್ನಿಗಳಲ್ಲಿ ಬಾಲ್‌ಗಳನ್ನು ಜೋಡಿಸುವಾಗ ಸ್ಪಾಟ್ (ಮೇಜಿನ ಮೇಲಿನ ಗುರುತಿನ ಚುಕ್ಕೆ) ಮೇಲೆ 1ರ ಬದಲು 9ನ್ನು ಇಡುತ್ತಾರೆ. ಮೊದಲು ಬ್ರೇಕ್‌ನಲ್ಲಿ ಜೋಡಣೆಯ ಅಂಚಿನ ಬಾಲ್ ನೇರ ಮೂಲೆ ಪಾಕೆಟ್ಟಿಗೆ ಹೋಗುತ್ತಿತ್ತು, ಈಗ ಅಷ್ಟು ಸುಲಭವಾಗಿ ಹೋಗಲ್ಲ. ಬ್ರೇಕ್ ಆದಮೇಲೆ 1 ಕಾಣದಿದ್ದರೆ ಪುಷ್ ಔಟ್ ಆಡಬಹುದು, ಅಂದ್ರೆ ಬಿಳಿಯನ್ನು ಬೇಕಾದ ಕಡೆ ತಳ್ಳಬಹುದು, ಅದು ಫೌಲ್ ಅಲ್ಲ. ಅಲ್ಲಿಂದ ಆಡೋದಾ, ವಾಪಸ್ ಇವರಿಗೇ ಬಿಡೋದಾ ಅನ್ನೋದು ಎದುರಾಳಿಯ ಇಷ್ಟ.

ಆದರೆ ಲಾಟರಿ ಅನ್ನೋ ಮಾತಿಗೆ ನನ್ನ ಉತ್ತರ ಹೆಸರುಗಳಲ್ಲಿದೆ. ಗೋರ್ಸ್ಟ್ 2019ರಲ್ಲಿ ದೋಹಾದಲ್ಲಿ ಇದೇ ಕಪ್ ಗೆದ್ದಾಗ ಅವರಿಗೆ 19 ವರ್ಷ. 2024ರಲ್ಲಿ 128 ಆಟಗಾರರ ನಡುವೆ ಮತ್ತೆ ಗೆದ್ದರು. 2025ರಲ್ಲೂ ಫೈನಲ್‌ಗೆ ಬಂದು ಫಿಲಿಪೈನ್ಸ್‌ನ ಕಾರ್ಲೋ ಬಿಯಾಡೋಗೆ 15-13ರಿಂದ ಸೋತರು. ಆ ಬಿಯಾಡೋ ಕೂಡ 2017ರ ಚಾಂಪಿಯನ್! ಲಾಟರಿಯಲ್ಲಿ ಅವರದೇ ನಂಬರ್ ಹೀಗೆ ಮತ್ತೆ ಮತ್ತೆ ಬರುತ್ತಾ ಹೇಳಿ. ಅದೃಷ್ಟ ಒಂದು ರ‍್ಯಾಕ್ ಕೊಡಬಹುದು, ಎರಡು ಕೊಡಬಹುದು. 14-14ರ ತನಕ ಬರೋಕೆ ಇಬ್ಬರೂ ಹದಿನಾಲ್ಕು ರ‍್ಯಾಕ್ ಗೆದ್ದೇ ಬಂದಿರುತ್ತಾರಲ್ವಾ.

ಹಸಿರುಬಟ್ಟೆ:
ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. 1995, ಅಮೆರಿಕದ ರೀನೋ. ಫಿಲಿಪೈನ್ಸ್‌ನ ಎಫ್ರೆನ್ ರೇಯೆಸ್ ಮತ್ತು ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್, ಇಬ್ಬರೂ ದೊಡ್ಡ ಆಟಗಾರರು, 12-12, ಉಳಿದಿದ್ದು ಒಂದೇ ರ‍್ಯಾಕ್. ಸ್ಟ್ರಿಕ್‌ಲ್ಯಾಂಡ್ ಸೇಫ್ಟಿ ಆಡಿ 5ಕ್ಕೆ ನೇರ ದಾರಿಯೇ ಇಲ್ಲದ ಹಾಗೆ ಮಾಡಿದರು. ರೇಯೆಸ್ ಬಿಳಿಯನ್ನು ಎರಡು ಕುಶನ್‌ಗೆ (ಮೇಜಿನ ರಬ್ಬರ್ ಅಂಚಿಗೆ) ಹೊಡೆದು, ಅದು ಮೇಜಿನ ಅಡ್ಡಡ್ಡ ಓಡಿ ಬಂದು 5ನ್ನು ಪಾಕೆಟ್ಟಿಗೆ ಹಾಕಿತು. ಗೊತ್ತಿಲ್ಲದವರು ಫ್ಲೂಕ್ ಅಂತಾರೆ. ನಾನಂತೂ ಅದನ್ನು ಎಷ್ಟು ಸಲ ನೋಡಿದ್ದೀನೋ, ಪ್ರತಿ ಸಲವೂ ಮೈ ಜುಂ ಅನ್ನುತ್ತೆ. ಕುಶನ್‌ನಿಂದ ಬಾಲ್ ಯಾವ ಕೋನದಲ್ಲಿ ತಿರುಗುತ್ತೆ ಅನ್ನೋದು ವರ್ಷಗಟ್ಟಲೆ ಕೈಗೆ ಕೂತವರಿಗೆ ಮಾತ್ರ ಅಂಥ ದಾರಿ ಕಾಣೋದು.

ಮೂಲೆಪಾಕೆಟ್:
ಎಲ್ಲರಿಗೂ ಥ್ಯಾಂಕ್ಸ್. ಚಾಕ್‌ಪುಡಿ ಅವರು ಹೇಳಿದ ಹಾಗೆ ನಿನ್ನೆ ರಾತ್ರಿ ಬರೀ ಬಿಳಿ ಬಾಲ್ ನೋಡ್ತಾ ಮೊದಲ ಐದು ರ‍್ಯಾಕ್ ನೋಡಿದೆ, ಅಣ್ಣನೂ ಕೂತಿದ್ದ. ಮೂರನೇ ರ‍್ಯಾಕ್ ಹೊತ್ತಿಗೆ ಅವನೇ "ಈಗ ಇಲ್ಲಿ ನಿಲ್ಲಬೇಕು ನೋಡು" ಅಂತ ಟಿವಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ನಮ್ಮೂರಲ್ಲಿ ಇರೋದೆಲ್ಲ ಚಿಕ್ಕ ಮೇಜು. ಬೆಂಗಳೂರಲ್ಲಿ ಒಂಬತ್ತು ಅಡಿಯ ಮೇಜು ಗಂಟೆ ಲೆಕ್ಕದಲ್ಲಿ ಎಲ್ಲಿ ಸಿಗುತ್ತೆ ಅಂತ ಯಾರಾದರೂ ಹೇಳ್ತೀರಾ? ಮುಂದಿನ ತಿಂಗಳು ಇಬ್ಬರೂ ಬರ್ತಿದ್ದೀವಿ.