ಅಪ್‌ಡೇಟ್: ಕಿರೀಟದ ಮೇಲಿನ ಉಬ್ಬು ಮಿಂಟ್ ಎರರ್ ಅಲ್ಲ!

ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ 1862ರ ವಿಕ್ಟೋರಿಯಾ ರೂಪಾಯಿ, ರಾಣಿಯ ಕಿರೀಟದ ಮೇಲೊಂದು ಉಬ್ಬು, ಅಚ್ಚಿನ ತಪ್ಪಿರಬಹುದಾ ಅಂತ ಕೇಳಿದ್ದೆ. ನೀವು ಹೇಳಿದಂತೆ ಅಂಚು ನೋಡಿದೆ. ಸುತ್ತಲೂ ಸಣ್ಣ ಗೆರೆಗಳಿವೆ, ಉಬ್ಬಿನ ನೇರಕ್ಕೆ ಮಾತ್ರ ಅರ್ಧ ಸೆಂಟಿಮೀಟರ್ ನುಣ್ಣಗಿದೆ. ಅರ ಹಾಕಿ ಉಜ್ಜಿದ್ದಾರೆ. ಭೂತಗನ್ನಡಿಯಲ್ಲಿ ಉಬ್ಬು ಮಂದ ಬೂದು ಬಣ್ಣ, ಪಕ್ಕದ ಬೆಳ್ಳಿಗಿಂತ ಬೇರೆ. ತೂಕ 11.74 ಗ್ರಾಂ! ಹೊಸದಾಗಿದ್ದಾಗಲೇ 11.66 ಇರಬೇಕಿತ್ತು. ಇಷ್ಟು ಸವೆದ ನಾಣ್ಯ ತೂಕ ಏರಿಸಿಕೊಳ್ಳುತ್ತಾ? ಅದು ಬೆಸುಗೆ. ಸರಕ್ಕೆ ಪೋಣಿಸಲು ಕೊಂಡಿ ಹಾಕಿಸಿ, ಆಮೇಲೆ ಕೀಳಿಸಿದ್ದಾರೆ.

ಅಮ್ಮನಿಗೆ ಹೇಳಿದರೆ, "ಅಯ್ಯೋ, ಅದು ನಿಮ್ಮಜ್ಜಿ ಕೊರಳಲ್ಲೇ ಇತ್ತಲ್ವಾ" ಅಂದರು. ಮೊದಲೇ ಕೇಳಬಹುದಿತ್ತು. ಬೆಸುಗೆ ತೆಗೆಸಲ್ಲ, ಪಾಲಿಶ್ ಅಂತೂ ಇಲ್ಲವೇ ಇಲ್ಲ.