ಅಪ್‌ಡೇಟ್: ಅಂಗಾಲಿನ ಜಡ್ಡು ಈಗ ಮೆತ್ತಗಾಗಿದೆ

ಹೆಬ್ಬೆರಳ ಬುಡದಲ್ಲಿ ಚರ್ಮ ಜಡ್ಡುಗಟ್ಟಿದೆ, ಬ್ಲೇಡಿನಲ್ಲಿ ಕೆತ್ತಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಬೇಡ ಅಂತ ತಡೆದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮಡಿಕೇರಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಅವರು ಮೊದಲು ಕೇಳಿದ್ದೇ ಗಮ್‌ಬೂಟಿನ ಬಗ್ಗೆ. ನನ್ನದು ಒಂದು ಸೈಜ್ ದೊಡ್ಡದು. ಮಳೆಯಲ್ಲಿ ಕಾಫಿ ತೋಟದ ಇಳಿಜಾರು ಇಳಿಯುವಾಗ ಕಾಲು ಒಳಗೇ ಮುಂದಕ್ಕೆ ಜಾರಿ ದಿನವಿಡೀ ಅದೇ ಜಾಗ ಉಜ್ಜುತ್ತಿತ್ತು, ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪ ಆಗಿದೆ ಅಷ್ಟೇ.

ಈಗ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷ ಕಾಲಿಟ್ಟು, ಪ್ಯೂಮಿಸ್ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಯೂರಿಯಾ ಇರುವ ಕ್ರೀಮ್ ಹಚ್ಚುತ್ತೇನೆ. ಉಜ್ಜುವಾಗ ಸತ್ತ ಚರ್ಮ ಬಿಳಿ ಹಿಟ್ಟಿನ ಥರ ಉದುರುತ್ತದೆ. ಅಲ್ಲಿಗೇ ನಿಲ್ಲಿಸಬೇಕು, ಕೆಂಪಾಗುವವರೆಗೆ ಉಜ್ಜಬಾರದು. ಸರಿಯಾದ ಸೈಜಿನ ಬೂಟು ತಗೊಂಡೆ, ದಪ್ಪ ಸಾಕ್ಸ್ ಹಾಕುತ್ತೇನೆ, ಮೂರು ವಾರಕ್ಕೆ ನೋವು ಹೋಯಿತು.

ಒಂದು ಮಾತು ಮುಖ್ಯ. ಅಮ್ಮನಿಗೂ ಇದೇ ತೊಂದರೆ, ಜೊತೆಗೆ ಶುಗರ್ ಇದೆ. ಅವರಿಗೆ ಮೆಡಿಕಲ್ ಶಾಪಿನ ಆಣಿ ಪಟ್ಟಿ (ಕಾಲಿನ ಆಣಿಗೆ ಅಂಟಿಸುವ ಕಾರ್ನ್ ಪ್ಲಾಸ್ಟರ್) ಹಾಕಲೇಬೇಡಿ ಅಂದರು ಡಾಕ್ಟರು. ಅದರಲ್ಲಿರುವ ಸ್ಯಾಲಿಸಿಲಿಕ್ ಆಸಿಡ್ ಒಳ್ಳೆ ಚರ್ಮವನ್ನೂ ಸುಡುತ್ತದೆ, ಶುಗರ್‌ನಿಂದ ಕಾಲಿನ ಸ್ಪರ್ಶ ಕಮ್ಮಿ ಆಗಿದ್ದರೆ ಗಾಯ ಆಗಿದ್ದೇ ಗೊತ್ತಾಗಲ್ಲ ಅಲ್ವಾ. ಸೋಮವಾರ ಅವರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.