ಅಜ್ಜಿ ಜೊತೆ ವಿಡಿಯೊ ಕರೆಯೂ ಸ್ಕ್ರೀನ್ ಟೈಮೇನಾ?

ಎಲ್ಲರಿಗೂ ನಮಸ್ಕಾರ. ಮಗುವಿಗೆ ಎರಡು ವರ್ಷ ತುಂಬುವವರೆಗೆ ಸ್ಕ್ರೀನೇ ಬೇಡ ಅಂತ ಕೆಲವರು, ಹಾಗಾದರೆ ಅಜ್ಜಿ-ತಾತನ ಮುಖ ನೋಡುವುದು ಹೇಗೆ ಅಂತ ಇನ್ನು ಕೆಲವರು. ಎರಡೂ ಕಡೆಯ ಮಾತು ಓದಿದೆ. ಗಂಟೆ ಲೆಕ್ಕಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಗು ಏನಾದರೂ ಅಂದರೆ ಆ ಕಡೆಯಿಂದ ಉತ್ತರ ಬರುತ್ತದಾ? ನಾನು ನೋಡುವುದು ಅಷ್ಟೇ.

ಮಕ್ಕಳು ಭಾಷೆ ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ಅಮೆರಿಕದ ಸಂಶೋಧಕಿ ಪೆಟ್ರಿಶಿಯಾ ಕೂಲ್ ಮತ್ತು ಜೊತೆಗಾರರು 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದ್ದರು. ಎದುರಿಗೇ ಕೂತು ಆಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತು ರೆಕಾರ್ಡ್ ಮಾಡಿದ ವಿಡಿಯೊದಲ್ಲಿ ಬಂದಾಗ ಏನೂ ತಲೆಗೆ ಹತ್ತಲಿಲ್ಲ. 2014ರ ಇನ್ನೊಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಎರಡು, ಎರಡೂವರೆ ವರ್ಷದ ಮಕ್ಕಳು ಹೊಸ ಪದಗಳನ್ನು ನೇರ ವಿಡಿಯೊ ಚಾಟ್‌ನಲ್ಲಿ ಕಲಿತರು, ರೆಕಾರ್ಡ್ ಮಾಡಿದ್ದರಿಂದ ಕಲಿಯಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ ಕೂಡ 2016ರಲ್ಲಿ 18 ತಿಂಗಳೊಳಗೆ ಸ್ಕ್ರೀನ್ ಬೇಡ ಅಂದಾಗ ವಿಡಿಯೊ ಕರೆಯನ್ನು ಅದರಿಂದ ಹೊರಗಿಟ್ಟಿತು.

ಹಾಗಾಗಿ ಕನ್ನಡ ಶಿಶುಗೀತೆಯ ವಿಡಿಯೊ ಹಾಕಿಬಿಟ್ಟರೆ ಕನ್ನಡ ಬಂದುಬಿಡುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಒಂದಾದ ಮೇಲೆ ಒಂದು ತಾನಾಗೇ ಓಡುತ್ತಿರುತ್ತದೆ, ಮಗು ಬಾಯಿ ತೆರೆಯಬೇಕಾದ ಸಂದರ್ಭವೇ ಬರುವುದಿಲ್ಲ.

ಆದರೆ ಕರೆ ಮಾಡಿದ ಮಾತ್ರಕ್ಕೆ ಮಾತುಕತೆ ಆಗುತ್ತದಾ? ಅದೂ ಇಲ್ಲ. ಆ ಕಡೆ ಅಜ್ಜಿಯ ಅರ್ಧ ಹಣೆ, ಮೇಲೆ ತಿರುಗುವ ಫ್ಯಾನು. ಈ ಕಡೆ ಫೋನ್ ಹಿಡಿದು ಮಗುವಿನ ಹಿಂದೆ ಓಡುವ ನಾವು. "ಚೆನ್ನಾಗಿದ್ದೀಯಾ ಪುಟ್ಟಾ?" ಅಂತ ಅವರು ಕೇಳಿದ್ದು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಪುಟ್ಟ ಎದ್ದು ಹೋಗಿರುತ್ತಾನೆ. ಉತ್ತರ ನಾವೇ ಕೊಡುತ್ತೇವೆ, ಅಲ್ವಾ?

ಫೋನನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಎಲ್ಲಾದರೂ ಒರಗಿಸಿಡಿ. ಒಂದೇ ಚಿತ್ರಪುಸ್ತಕದ ಎರಡು ಪ್ರತಿ ಕೊಂಡು ಒಂದನ್ನು ಅಜ್ಜಿಗೆ ತಲುಪಿಸಿ. "ಆನೆ ಬಾಲ ಎಲ್ಲಿ, ತೋರಿಸು" ಅಂತ ಅವರು ಕೇಳಲಿ, ಮಗು ಬೆರಳಿಟ್ಟು ತೋರಿಸಲಿ. ಅಜ್ಜಿ ಬೇಕಂತಲೇ ಆನೆಯನ್ನು ಕುದುರೆ ಅಂದರೆ ಇನ್ನೂ ಒಳ್ಳೆಯದು. ದೊಡ್ಡವರನ್ನು ತಿದ್ದುವುದಕ್ಕೆ ಇರುವ ಹುರುಪು ಮಕ್ಕಳಿಗೆ ಬೇರೆ ಯಾವುದಕ್ಕೂ ಇರುವುದಿಲ್ಲ! ನಡುವೆ ಬಾಯಿ ಹಾಕದೆ ನಾವು ಸುಮ್ನೆ ಕೂರಬೇಕು. ಕಷ್ಟ ಇರುವುದೇ ಅಲ್ಲಿ.

ಇದಕ್ಕೆ ಯಾವ ಟ್ಯಾಬ್ ಒಳ್ಳೆಯದು ಅಂತ ಯಾರೋ ಕೇಳಿದ್ದರು. ಹೊಸದು ಯಾಕೆ? ಡ್ರಾಯರ್‌ನಲ್ಲಿ ಬಿದ್ದಿರುವ ಹಳೆ ಫೋನೇ ಸಾಕು. ಸೆಕ್ಯುರಿಟಿ ಅಪ್‌ಡೇಟ್ ಬರುತ್ತಿದೆಯಾ ನೋಡಿ, ಬ್ಯಾಟರಿ ಸೋತಿದ್ದರೆ ಅದೊಂದನ್ನು ಬದಲಾಯಿಸಿ. ಫೋನಿನಿಂದ ಪರಿಸರಕ್ಕೆ ಆಗುವ ಹೊರೆಯಲ್ಲಿ ಜಾಸ್ತಿ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಲ್ಲಿ ಎದ್ದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದು ಅದರಲ್ಲಿ ಶೇ. 22.3 ಮಾತ್ರ.

ಹತ್ತು ದಾಟಿದ ಮಕ್ಕಳಿರುವವರನ್ನು ಒಂದು ಕೇಳಬೇಕಿತ್ತು. ನೀವು ಪಕ್ಕದಲ್ಲಿ ಇಲ್ಲದಾಗಲೂ ಅವರು ತಾವಾಗೇ ಅಜ್ಜಿಗೆ ಕರೆ ಮಾಡುತ್ತಾರಾ? ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರಾ?